ಜಯಮ್ಮ ಸಿಸ್ಟರ್ ಚೀಲದಲ್ಲಿದ್ದ ಚಾಕು

ಜಯಮ್ಮ ಸಿಸ್ಟರ್ ಕೈಯಲ್ಲಿ ಉಗುರು ಅನ್ನುವುದೇ ಇರಲಿಲ್ಲ. ಪ್ರತಿ ಸೋಮವಾರ ಹತ್ತು ಬೆರಳನ್ನೂ ಚರ್ಮದ ಅಂಚಿನ ತನಕ ಕತ್ತರಿಸಿಕೊಂಡು ಬರುತ್ತಿದ್ದರು. ಉದ್ದ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದ ನನ್ನ ಕೈಯನ್ನು ಮೊದಲ ದಿನವೇ ಹಿಡಿದು ನೋಡಿ, "ನಿಮ್ಗೇನ್ ಬುಡಿ ಮಿಸ್, ಸೀಮೆಸುಣ್ಣ ಹಿಡಿಯೋ ಕೈ. ನಾನ್ ಹಿಂಗ್ ಬಿಟ್ಕಂಡ್ರೆ ಎಳೇ ಕೂಸಿನ್ ಮೈ ಗೀರೋಗ್ತದೆ" ಎಂದಿದ್ದರು.

ಇದು ತೊಂಬತ್ತರ ದಶಕದ ನಡುವಿನ ಮಾತು. ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಶಾಲೆಗೆ ನಾನು ಟೀಚರಾಗಿ ಸೇರಿದ್ದೆ. ಅವರು ಅದೇ ಊರಿನ ನರ್ಸು. ನನ್ನ ಮನೆ ತುಮಕೂರಿನ ಮರಳೂರಿನಲ್ಲಿ, ಅವರದು ಗುಬ್ಬಿಯಲ್ಲಿ. ಸಂಜೆ ಆರೂಕಾಲರ ಬಸ್ಸು ಹಿಡಿಯಲು ಟಾರು ರಸ್ತೆಯ ತನಕ ಎರಡು ಮೈಲಿ ನಡೆಯಬೇಕು. ಮೊದಲು ಕೆರೆ ಏರಿ, ಆಮೇಲೆ ನೀಲಗಿರಿ ತೋಪು. ಆ ತೋಪೆಂದರೆ ನನಗೆ ಪ್ರಾಣಭಯ. ಚಳಿಗಾಲದಲ್ಲಂತೂ ಐದೂಮುಕ್ಕಾಲಿಗೇ ಒಳಗೆ ಕತ್ತಲು ಕೂತಿರುತ್ತಿತ್ತು. ತರಗೆಲೆ ಸದ್ದಾದರೂ ಬೆಚ್ಚಿಬೀಳುತ್ತಿದ್ದೆ.

"ಯಾಕ್ ಹಂಗ್ ಬೆಚ್ಚಿಬೀಳ್ತೀರಿ ಮಿಸ್? ನನ್ ಚೀಲ್ದಲ್ ಚಾಕು ಐತೆ" ಎಂದು ಸಿಸ್ಟರ್ ದಪದಪ ಹೆಜ್ಜೆ ಹಾಕುತ್ತಿದ್ದರು. ನಾನು ಸೇರಿದ ತಿಂಗಳಲ್ಲೇ ಅವರು ಗುಬ್ಬಿ ಸಂತೆಯಿಂದ ತಂದ ಬೆರಳುದ್ದದ ಮಡಚುವ ಚಾಕು ಅದು. ಹಿಡಿಯೆಂದರೆ ಮಡಚಿದ ಒಂದು ತಗಡಿನ ತುಂಡು ಅಷ್ಟೇ. ಆ ಸಂದಿನೊಳಗೆ ತೆಳ್ಳಗಿನ ಅಲಗು. ತೆರೆಯಬೇಕೆಂದರೆ ಅಲಗಿನ ಮೇಲಿನ ಸಣ್ಣ ಗೀಟಿಗೆ ಹೆಬ್ಬೆರಳ ಉಗುರು ಸಿಕ್ಕಿಸಿ ಎಳೆಯಬೇಕು. ಬಾಣಂತಿ ಮನೆಯವರು ಸೀಬೆಕಾಯಿ ಕೊಟ್ಟ ದಿನ ಚಾಕು ನನ್ನ ಕೈಗೇ ಬರುತ್ತಿತ್ತು. "ನೀವೇ ಕುಯ್ರಿ ಮಿಸ್. ನಂಗ್ ಹೊಕ್ಳಬಳ್ಳಿ ಕುಯ್ದೂ ಕುಯ್ದೂ ಸಾಕಾಗೈತೆ." ನಾನು ನಗುತ್ತಾ ಕುಯ್ಯುತ್ತಿದ್ದೆ. ನನ್ನ ದಡ್ಡ ತಲೆಗೆ ಬೇರೇನೂ ಹೊಳೆಯಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಬ್ಬ ಮೊಪೆಡ್ಡಿನವನು ಗಂಟುಬಿದ್ದ. ಮುಖಕ್ಕೆ ಟವೆಲ್ಲು ಸುತ್ತಿಕೊಂಡಿದ್ದ. ನಾವು ಏರಿ ಇಳಿದದ್ದೇ ತಡ, ನಿಧಾನಕ್ಕೆ ಹಿಂದೆ ಬರುವುದು. ನಾವು ನಿಂತರೆ ನಿಲ್ಲುವುದು. ಮಾತಿಲ್ಲ, ಕತೆಯಿಲ್ಲ. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆಂದು ನಾನು ಬಾಯಿ ಬಿಡಲಿಲ್ಲ. ಸಿಸ್ಟರ್ ಮಾತ್ರ, "ಹತ್ರ ಬರ್ಲಿ ಬುಡಿ, ಹಾಕೇ ಬುಡ್ತೀನಿ" ಅನ್ನುತ್ತಿದ್ದರು. ಆ ಒಂದು ಮಾತನ್ನು ನಂಬಿಕೊಂಡು ನಾನು ದಿನ ದೂಡುತ್ತಿದ್ದೆ.

ನಾಲ್ಕನೆಯ ದಿನ ತೋಪಿನ ನಟ್ಟನಡುವೆ ಅವನು ಗಾಡಿ ಅಡ್ಡ ಹಾಕಿ ಇಳಿದ. ಸೀದಾ ಬಂದು ನನ್ನ ತೋಳು ಹಿಡಿದ. ಸಿಸ್ಟರ್ ಚಾಕು ತೆಗೆದರು. ಗೀಟಿನ ಮೇಲೆ ಹೆಬ್ಬೆರಳು ಒತ್ತಿದರು, ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು. ಆಗ ನನಗೆ ಅರ್ಥವಾಯಿತು. ಅಯ್ಯೋ ದೇವರೇ, ಆ ಬೆರಳಿಗೆ ಆ ಚಾಕು ತೆರೆಯುವುದೇ ಇಲ್ಲ!

ಮಡಚಿದ ಚಾಕುವನ್ನೇ ಮುಷ್ಟಿಯಲ್ಲಿ ಬಿಗಿಹಿಡಿದು, ತಗಡಿನ ತುದಿಯನ್ನಷ್ಟೇ ಮುಂದಕ್ಕೆ ಚಾಚಿ ಸಿಸ್ಟರ್ ಕಿರುಚಿದರು. "ಬುಡ್ಲಾ ಕೈಯ! ಟವಲ್ ಸುತ್ಕಂಡ್ರೆ ಗೊತ್ತಾಗಲ್ಲ ಅನ್ಕಂಡ್ಯಾ? ಈ ಸುತ್ತಿನಾಗೆ ಯಾವ್ ಮನೆ ಒಳೀಕ್ ಹೋಗಿಲ್ಲ ನಾನು? ನಿಮ್ಮವ್ವನ್ ಹೆಸ್ರು ಹೇಳ್ಲಾ, ನಿನ್ ಹೆಂಡ್ತಿ ಹೆಸ್ರು ಹೇಳ್ಲಾ?"

ಅವನ ಹಿಡಿತ ಸಡಿಲವಾಯಿತು. ಆಮೇಲೆ ಗಾಡಿ ತಿರುಗಿಸಿಕೊಂಡು ಹೋದ.

"ಯಾರ್ ಸಿಸ್ಟರ್ ಅವ್ನು?" ಎಂದೆ.

"ಯಾವನಿಗ್ ಗೊತ್ತು!" ಎಂದವರೇ ರಸ್ತೆಬದಿಯಲ್ಲಿ ಕುಸಿದು ಕೂತರು. ಚಾಕು ತೆರೆಯಲು ಬರುವುದಿಲ್ಲವೆಂದು ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಅವರು ನನ್ನನ್ನು 'ನೀನು' ಎಂದದ್ದು ಅಂದೇ ಮೊದಲು.

"ಗೊತ್ತಿತ್ತು ಕಣೇ. ನೀನ್ ಬೆಚ್ಚೋದ್ ನೋಡಿ ಸಂತೇಲಿ ತಗಂಡೆ. ಮನೇಗ್ ತಂದ್ ನೋಡಿದ್ರೆ ಬೆರಳಿಗೇ ಸಿಗ್ಲಿಲ್ಲ. ಹೇಳಿದ್ರೆ ನೀನ್ ಕೆಲ್ಸ ಬಿಟ್ ಹೋಗ್ತಿದ್ದೆ. ನೀನ್ ಬರೋಕ್ ಮುಂಚೆ ಆರ್ ವರ್ಷ ಒಬ್ಳೇ ನಡ್ದಿದೀನಿ ಈ ದಾರೀಲಿ. ತೋಪ್ ದಾಟೋಗಂಟ ಅಳ್ತಿದ್ದೆ."

ಅಂದಿನಿಂದ ನಾವು ಕೈ ಕೈ ಹಿಡಿದು ನಡೆದೆವು. ಮೊಪೆಡ್ಡಿನವನು ಮತ್ತೆ ಬರಲಿಲ್ಲ. ಆದರೆ ನನ್ನ ಧೈರ್ಯವೆಲ್ಲ ಅಲ್ಲೇ ಉದುರಿಹೋಗಿತ್ತು. ಮರುವಾರವೇ ಗುಟ್ಟಾಗಿ ತುಮಕೂರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದೆ. ಆದೇಶ ಕೈಗೆ ಬಂದ ಮೇಲೂ ಸಿಸ್ಟರ್‌ಗೆ ಹೇಳಲು ನಾಲಗೆ ಏಳಲಿಲ್ಲ. ಕೊನೆಯ ದಿನ, ಬಸ್ಸು ಗುಬ್ಬಿ ಸ್ಟ್ಯಾಂಡಿಗೆ ಬಂದಾಗ, ಅವರು ಇಳಿಯಲು ಎದ್ದ ಮೇಲಷ್ಟೇ ಹೇಳಿದೆ.

ಅವರು ಕಂಬಿ ಹಿಡಿದು ಒಂದು ಕ್ಷಣ ನನ್ನ ಮುಖ ನೋಡಿದರು. "ಒಳ್ಳೇದಾಯ್ತು ಬುಡು. ಹುಷಾರು ಕಣೇ" ಎಂದು ಇಳಿದರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.

ಮರುದಿನ ಐದೂಮುಕ್ಕಾಲಿಗೆ ನಾನು ಮರಳೂರಿನ ಮನೆಯಲ್ಲಿ ಅಮ್ಮನ ಪಕ್ಕ ಕೂತು ಬಿಸಿ ಕಾಫಿ ಕುಡಿಯುತ್ತಿದ್ದೆ. ಜಯಮ್ಮ ಸಿಸ್ಟರ್ ಆಗ ಒಬ್ಬರೇ ತೋಪಿನೊಳಕ್ಕೆ ಕಾಲಿಡುತ್ತಿದ್ದರು.