ಎಡಗಡೆಯ ಸೀಟು

ದೆವ್ವ, ಗಾಳಿ, ಸತ್ತವರು ಬಂದು ನಿಲ್ಲುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಬೈಲಹೊಂಗಲದಲ್ಲಿ ಹದಿನೆಂಟು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕಲಿಯಲು ಬಂದ ಹೆಂಗಸರು ಇಂಥ ಹುಣಸೆಮರದ ಹತ್ತಿರ ಗಾಡಿ ತಾನಾಗಿಯೇ ನಿಂತಿತು ಎಂದರೆ, ಕ್ಲಚ್ ಬಿಟ್ಟಿದ್ದೀರಿ, ಅದಕ್ಕೇ ನಿಂತಿದೆ ಎಂದು ನಕ್ಕವಳು. ಆದರೆ ನಾಲ್ಕು ವರ್ಷದ ಹಿಂದೆ ಪರದೇಶದಲ್ಲಿ, ಹಾಡಹಗಲು, ಬಾಡಿಗೆ ಕಾರಿನಲ್ಲಿ ನಡೆದದ್ದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನೀವು ನಂಬಲೇಬೇಕೆಂಬ ಹಟವೂ ಇಲ್ಲ.

ಮೊದಲು ನನ್ನ ಸಿಟ್ಟಿನ ಕಾರಣ ಹೇಳಬೇಕು. ನನ್ನ ತಂಗಿ ಶೈಲಾ ನನ್ನ ಹತ್ತಿರವೇ ಕಾರು ಕಲಿತವಳು. ಅವಳ ಗಂಡ ಮಹಾಂತೇಶ. ಮೂರು ವರ್ಷದ ಮಗಳು ಸಹನಾಳನ್ನು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಒಂದು ದಿನ ಗಂಡ ಹೆಂಡತಿ ನಮ್ಮ ಮನೆಗೆ ಬಂದಿದ್ದರು. ತಿರುಗಿ ಹೋಗುವಾಗ ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಅವರ ಕಾರು ಗುದ್ದಿತು. ಶೈಲಾ ಅಲ್ಲೇ ಹೋದಳು. ಮಹಾಂತೇಶನಿಗೆ ಕೈ ಮುರಿದಿತ್ತು, ಅಷ್ಟೇ. ಕಾರು ಹೊಡೆಯುತ್ತಿದ್ದವಳು ಹೆಂಡತಿ ಎಂದು ಅವನು ಪೊಲೀಸರಿಗೆ ಹೇಳಿಕೆ ಕೊಟ್ಟ. ಅವನಿಗೆ ಓಮಾನ್‌ನಲ್ಲಿ ನೌಕರಿ ಗೊತ್ತಾಗಿತ್ತು. ತನ್ನ ಮೇಲೆ ಕೇಸಾದರೆ ಹೋಗುವುದು ನಿಲ್ಲುತ್ತಿತ್ತು. ಸತ್ತವಳು ಎದ್ದು ಬಂದು ಇಲ್ಲವೆನ್ನುತ್ತಾಳೆಯೇ? ಅಕ್ಕ ಕಲಿಸಿದ ವಿದ್ಯೆ ತಂಗಿಯನ್ನು ನುಂಗಿತು ಎಂದು ಊರು ಆಡಿಕೊಂಡಿತು. ವರ್ಷವಿಡೀ ಒಬ್ಬ ಹೆಂಗಸೂ ನನ್ನ ಹತ್ತಿರ ಕಲಿಯಲು ಬರಲಿಲ್ಲ.

ಅವನು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಹೊರಡುವಾಗ ಶೈಲಾ ಉಡಿ ತುಂಬಿಸಿಕೊಂಡಿದ್ದಳು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಕುಪ್ಪಸದ ಖಣ. ಇಷ್ಟನ್ನು ಸೆರಗಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡವಳು ಗಂಡನ ಮನೆಯ ಹೊಸ್ತಿಲು ದಾಟುವ ತನಕ ಬಿಚ್ಚುವುದಿಲ್ಲ. ತುಂಬಿದ ಉಡಿ ಇಟ್ಟುಕೊಂಡು ಸ್ಟೀರಿಂಗ್ ಹಿಡಿಯುವ ಹೆಣ್ಣು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮರುದಿನ ಠಾಣೆಯ ಅಂಗಳದಲ್ಲಿ ನಜ್ಜುಗುಜ್ಜಾದ ಕಾರನ್ನು ನೋಡಿದೆ. ಎಡಗಡೆಯ ಸೀಟಿನ ತುಂಬ ಅಕ್ಕಿ ಚೆಲ್ಲಿತ್ತು. ಬಲಗಡೆ, ಸ್ಟೀರಿಂಗ್ ಇದ್ದ ಕಡೆ, ಒಂದು ಕಾಳೂ ಇರಲಿಲ್ಲ.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಆ ಉಡಿ ತುಂಬಿದವಳು ನಾನು. ನಾನು ವಿಧವೆ. ನಮ್ಮಲ್ಲಿ ಉಡಿ ತುಂಬುವುದು ಮುತ್ತೈದೆಯರ ಕೆಲಸ. ಅವ್ವ ತೀರಿಹೋಗಿದ್ದಳು, ಬಾಜು ಮನೆಯವರು ಸವದತ್ತಿ ಗುಡ್ಡಕ್ಕೆ ಹೋಗಿದ್ದರು. "ತವರಮನಿಯಿಂದ ಬರೇ ಉಡಿಲೆ ಕಳಸ್ತೀ ಏನಕ್ಕಾ? ನೀನ ತುಂಬು, ಯಾರು ನೋಡ್ತಾರ?" ಎಂದು ಶೈಲಾ ತಾನೇ ಅಡಿಗೆಮನೆಯ ಕದ ಹಾಕಿದಳು. ಅಕ್ಕಿಯ ಮಾತೆತ್ತಿದರೆ ಉಡಿ ತುಂಬಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಗಂಡ ಸತ್ತವಳ ಕೈಯ ಉಡಿಗೇ ತಂಗಿ ಹೋದಳು ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಆ ಅಕ್ಕಿಯನ್ನೆಲ್ಲ ಬಳಿದು ಸೆರಗಿಗೆ ಕಟ್ಟಿಕೊಂಡು ಹೋಗಿ, ಮುನವಳ್ಳಿಯ ಹತ್ತಿರ ಮಲಪ್ರಭೆಗೆ ಬಿಟ್ಟೆ. ಇದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ತೊಳೆದುಹಾಕಿದೆ.

ಮಹಾಂತೇಶ ಓಮಾನ್‌ಗೆ ಹೋದ. ಆಮೇಲೆ ತಾಯಿಯನ್ನೂ ಮಗಳನ್ನೂ ಮಸ್ಕತ್‌ಗೆ ಕರೆಸಿಕೊಂಡ. ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಒಂದು ದಿನ ಸಹನಾ ಫೋನಿನಲ್ಲಿ, "ನಾ ಎಂದೂ ಗಾಡಿ ಕಲಿಯಂಗಿಲ್ಲ ದೊಡ್ಡವ್ವಾ. ಅವ್ವ ತಾನೂ ಸತ್ಲು, ಅಪ್ಪನ್ನೂ ಕೊಲ್ಲಾಕ ಹೋಗಿದ್ಲು" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಮಗಳ ಎದುರಿಗೇ ಅವನ ಬಾಯಿಂದ ನಿಜ ಕಕ್ಕಿಸುತ್ತೇನೆ, ಇಲ್ಲದಿದ್ದರೆ ನಾನು ಶೈಲಾಳ ಅಕ್ಕನೇ ಅಲ್ಲ ಎಂದುಕೊಂಡೆ. ಸಹನಾ ಬಾ ಎಂದು ಕರೆಯುತ್ತಲೇ ಇದ್ದಳು. ಅವಳ ಶಾಲೆಯ ರಜೆಗೆ ಹೋದೆ.

ಅವನ ಕಾರಿನಲ್ಲಿ ಕೂರಲು ನಾನು ಒಪ್ಪಲಿಲ್ಲ. ಸ್ಟೀರಿಂಗ್ ನನ್ನ ಕೈಯಲ್ಲಿರಬೇಕಿತ್ತು. ಅಂತರರಾಷ್ಟ್ರೀಯ ಲೈಸೆನ್ಸ್ ಊರಲ್ಲೇ ಮಾಡಿಸಿಕೊಂಡಿದ್ದೆ. ಬಾಡಿಗೆ ಕಾರಿನವನು ಮಲಯಾಳಿ, ಬಲು ಕಟ್ಟುನಿಟ್ಟಿನ ಮನುಷ್ಯ. ಗಾಡಿಯ ಸುತ್ತ ತಿರುಗಿ ಒಂದೊಂದು ಗೀರಿನ ಫೋಟೋ ತೆಗೆದ. ಬಾಗಿಲು ತೆರೆದು ಸೀಟು, ಕೆಳಗಿನ ಮ್ಯಾಟ್ ಎಲ್ಲದರ ಫೋಟೋ ತೆಗೆದು ನನಗೂ ತೋರಿಸಿದ. ಎಲ್ಲೂ ಒಂದು ಕಸ ಇರಲಿಲ್ಲ. ನಾನು ಗತ್ತಿನಿಂದ ಬಲಗಡೆಯ ಬಾಗಿಲು ತೆರೆದು ಕೂತರೆ ಎದುರಿಗೆ ಸ್ಟೀರಿಂಗೇ ಇಲ್ಲ! ಮಹಾಂತೇಶ ನಕ್ಕ.

"ಇಲ್ಲಿ ಎಡಕ್ಕ ಕುಂತು ಹೊಡೀಬೇಕ್ರಿ ಅಕ್ಕಾರ, ರಸ್ತಾದ ಬಲಕ್ಕ ಹೋಗಬೇಕು. ಕೊಡ್ರಿ, ನಾ ಹೊಡೀತೇನಿ."

"ನೀ ಹೊಡದಿದ್ದು ಸಾಕು" ಎಂದೆ. ಅವನ ನಗು ಅಲ್ಲೇ ನಿಂತಿತು.

ನಿಜ್ವಾ ಎಂಬ ಊರಿನ ಆಚೆಯ ದೊಡ್ಡ ಬೆಟ್ಟಕ್ಕೆ ಹೊರಟೆವು. ಹಿಂದೆ ಸಹನಾ, ನನ್ನ ಬಲಕ್ಕೆ ಅವನು. ಮೊದಲ ಒಂದು ತಾಸು ಗೇರಿಗೆಂದು ಎಡಗೈ ಚಾಚಿ ಬಾಗಿಲಿಗೆ ಬಡಿದುಕೊಂಡೆ, ಇಂಡಿಕೇಟರ್ ಎಂದು ವೈಪರ್ ಹಾಕಿದೆ. ಸಹನಾ ಬಿದ್ದು ಬಿದ್ದು ನಕ್ಕಳು. ಬೆಟ್ಟ ನೋಡಿ ಇಳಿಯುವ ಹೊತ್ತಿಗೆ ಕೈ ಪಳಗಿತ್ತು. ಕಮರಿ ಅವನ ಕಡೆಗಿತ್ತು. ನಾನು ಬೇಕೆಂದೇ ವೇಗ ಹೆಚ್ಚಿಸಿ ಗಾಡಿಯನ್ನು ಆ ಅಂಚಿಗೆ ತಂದೆ. ಹಿಂದೆ ಹುಡುಗಿ ಕೂತಿದ್ದಾಳೆ ಎಂಬ ಖಬರೂ ನನಗಿರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

"ಸಾವಕಾಶ ಹೊಡೀರಿ ಅಕ್ಕಾರ!"

"ಅವತ್ತ ಗಾಡಿ ಯಾರು ಹೊಡೀತಿದ್ರು? ಮಗಳ ಮುಂದ ಹೇಳು."

"ಶೈಲಾನ ರೀ. ಎಷ್ಟ ಸಲ ಹೇಳಬೇಕು?"

ಅಷ್ಟರಲ್ಲಿ ತಿರುವಿನಾಚೆ ಒಂದು ಲಾರಿ ಕೆಟ್ಟು ನಿಂತಿರುವುದು ಕಂಡಿತು. ಬ್ರೇಕ್ ತುಳಿದೆ. ಮಹಾಂತೇಶ ನನ್ನ ಕಡೆ ತಿರುಗಿದ. ಅವನ ಕಣ್ಣು ನನ್ನ ಮುಖ ಬಿಟ್ಟು ಮಡಿಲಿನ ಮೇಲೆ ನಿಂತಿತ್ತು. "ಶೈಲಾ, ಉಡಿ ಹಿಡ್ಕೋ!" ಎಂದು ಚೀರಿದ. ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಜೀವ ಬಿಟ್ಟು ಒತ್ತುತ್ತಿತ್ತು. ಲಾರಿಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು.

ಆಮೇಲೆ ಹಿಂದಿನಿಂದ ಸಹನಾ, "ಅಪ್ಪಾ, ಅವ್ವನ ಮಡಲಾಗ ಉಡಿ ಇತ್ತಾ?" ಎಂದಳು. ಹುಡುಗಿಗೆ ಅಜ್ಜಿ ಇಂಥದ್ದನ್ನೆಲ್ಲ ಕಲಿಸಿದ್ದಳು. ಅವನು ಮುಖ ಮುಚ್ಚಿಕೊಂಡ. "ನಾನ ಹೊಡೀತಿದ್ದೆ ಸಹನಾ. ಫೋನ್ ನೋಡಾಕತ್ತಿದ್ದೆ. ನಿಮ್ಮವ್ವಂದು ಏನೂ ತಪ್ಪಿಲ್ಲ" ಎಂದ. ಹನ್ನೊಂದು ವರ್ಷದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

ಇಲ್ಲಿಯ ತನಕ ಎಲ್ಲವನ್ನೂ ನಾನು ವಿವರಿಸಬಲ್ಲೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಿಂತ ಲಾರಿ ಕಂಡು ಅವನಿಗೆ ಹಳೆಯದೆಲ್ಲ ನುಗ್ಗಿ ಬಂದಿರಬೇಕು. ಆದರೆ ಬೆಲ್ಟ್ ಬಿಚ್ಚಲು ನಾನು ಕೆಳಗೆ ನೋಡಿದರೆ, ನನ್ನ ಚೂಡಿದಾರದ ಮಡಿಲಲ್ಲಿ ಅಕ್ಕಿ ಇತ್ತು. ಒಂದೆರಡು ಕಾಳಲ್ಲ, ಹಿಡಿಗಟ್ಟಲೆ. ಕೆಲವಕ್ಕೆ ಅರಿಶಿಣ ಮೆತ್ತಿತ್ತು. ಮುಟ್ಟಿ ನೋಡಿದೆ. ಆಗಷ್ಟೇ ನೀರಿನಿಂದ ಎತ್ತಿದ ಹಾಗೆ ಒದ್ದೆಯಾಗಿತ್ತು. ಇಳಿದು, ಕೊಡವಿಬಿಟ್ಟೆ. ಯಾರಿಗೂ ತೋರಿಸಲಿಲ್ಲ.

ಸಿಟ್ಟಿನಲ್ಲಿ ನನ್ನ ಕಣ್ಣೇ ಮೋಸ ಮಾಡಿತು ಎಂದುಕೊಳ್ಳೋಣವೆಂದರೆ, ಕಾರು ತಿರುಗಿ ಕೊಡುವಾಗ ಆ ಮಲಯಾಳಿ ಎಡಗಡೆಯ ಸೀಟಿನ ಸಂದಿಯಿಂದ ಏಳೆಂಟು ಕಾಳು ಆರಿಸಿ ತೆಗೆದ. ಮೊದಲಿನ ಫೋಟೋ ತೋರಿಸಿ, ಇದೆಲ್ಲಿಂದ ಬಂತು ಎಂದು ಹಿಂದಿಯಲ್ಲಿ ಕೇಳಿದ. ಗೊತ್ತಿಲ್ಲ ಎಂದೆ. ಅದು ಸುಳ್ಳಲ್ಲ, ನನಗೆ ಈಗಲೂ ಗೊತ್ತಿಲ್ಲ.

ಮಹಾಂತೇಶ ಆಮೇಲೆ ಕಾರು ಹೊಡೆದಿಲ್ಲವಂತೆ. ಅಲ್ಲಿ ಸ್ಟೀರಿಂಗ್ ಎಡಕ್ಕೇ ಇರುತ್ತದಲ್ಲ, ಆ ಸೀಟಿನಲ್ಲಿ ಅವನಿಗೆ ಕೂರಲು ಆಗುವುದಿಲ್ಲವಂತೆ. ಕೇಳಿ ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನಷ್ಟು ಅನುಭವಿಸಲಿ ಎಂದೇ ಅಂದುಕೊಂಡೆ.

ಊರಿಗೆ ಹೊರಡುವ ದಿನ ಸಹನಾ ನನ್ನ ಪಕ್ಕ ಬಂದು ಕೂತಳು. "ದೊಡ್ಡವ್ವಾ, ಅವತ್ತ ಅವ್ವಗ ಉಡಿ ತುಂಬಿದಾವ್ರು ಯಾರು?" ಎಂದು ಕೇಳಿದಳು.

"ಬಾಜು ಮನಿ ಮುತ್ತೈದಿ" ಎಂದೆ. ಹೇಳಲು ಒಂದು ಗಳಿಗೆಯೂ ತಡವಾಗಲಿಲ್ಲ.