ಸಾವೊ ಪಾಲೊದಿಂದ ಗೋವಾಕ್ಕೆ ಎಷ್ಟು ತಾಸು?

ಹೋದ ಶ್ರಾವಣದಲ್ಲಿ ನನ್ನ ಹೆತ್ತ ಆಯಿಗೆ ಪಿತ್ತಕೋಶದಲ್ಲಿ ಕೀವು ತುಂಬಿ, ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ಗುರುವಾರ ಬೆಳಿಗ್ಗೆ ಡಾಕ್ಟರು, "ನಾಳೆ ಹನ್ನೊಂದಕ್ಕೆ ಆಪರೇಷನ್. ತಡ ಮಾಡುವ ಹಾಗಿಲ್ಲ" ಎಂದರು. ಆಯಿ ಸಹಿ ಹಾಕಲೊಲ್ಲಳು. "ಸತೀಶನ ಮುಖ ಕಾಣದೆ ನಾ ಒಳಗೆ ಹೋಗೂದಿಲ್ಲ" ಎಂದು ಗೋಡೆಯ ಕಡೆ ಹೊರಳಿದಳು.

ಸತೀಶ ನನ್ನ ತಮ್ಮ, ಹಡಗಿನಲ್ಲಿ ಅಡುಗೆಯವನು. ಬ್ರೆಜಿಲ್‌ನಲ್ಲಿ ಹಡಗಿಳಿದು ಸಾವೊ ಪಾಲೊದಿಂದ ವಿಮಾನ ಹತ್ತಿಬಿಟ್ಟಿದ್ದ, ಫೋನು ತಾಗುತ್ತಿರಲಿಲ್ಲ. ಅವನು ಕಳಿಸಿದ ಟಿಕೆಟ್ ನನ್ನ ಮೊಬೈಲಿನಲ್ಲಿತ್ತು: ಗುರುವಾರ ನಸುಕು ಒಂದೂವರೆಗೆ ಹೊರಟು, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಗೋವಾ.

ನಾನು ಶಾಲೆಯ ಅಕ್ಕೋರು, ಮಕ್ಕಳಿಗೆ ರೇಖಾಂಶದ ಪಾಠ ಮಾಡುವವಳು. ಕೂತೆ ಲೆಕ್ಕಕ್ಕೆ. ದೂರ ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್. ಗಂಟೆಗೆ ಒಂಬೈನೂರರಂತೆ ಹದಿನೈದೂವರೆ ತಾಸು. ಟಿಕೆಟ್ ನೋಡಿದರೆ ಇಪ್ಪತ್ತೊಂಬತ್ತೂವರೆ! ದುಬೈಯಲ್ಲಿ ವಿಮಾನ ಬದಲಿಸಿದರೂ ಇಷ್ಟೇಕೆ? ಬ್ರೆಜಿಲ್ ಗಡಿಯಾರ ನಮಗಿಂತ ಎಂಟೂವರೆ ತಾಸು ಹಿಂದೆ ಎಂಬುದು ನೆನಪಾಯಿತು. ಟಿಕೆಟ್ಟಿನ ಏಳು ಗಂಟೆಯೂ ಅಲ್ಲಿಯ ಗಡಿಯಾರದ್ದೇ ಎಂದುಕೊಂಡು ಅದಕ್ಕೆ ಎಂಟೂವರೆ ಕೂಡಿಸಿದೆ. ಗೋವಾಕ್ಕೆ ಬರುವಾಗ ಮಧ್ಯಾಹ್ನ ಮೂರೂವರೆ, ಕಾರವಾರಕ್ಕೆ ಸಂಜೆ. ಸಂಜೆಗೆ ಮುಂದೂಡಿ ಎಂದು ಡಾಕ್ಟರರನ್ನು ಬೇಡಲೋ ಬೇಡವೋ ತಿಳಿಯದೆ ಅಂಕೋಲೆ ಬಸ್ ಹತ್ತಿದೆ.

ಅಲ್ಲಿ ನಮ್ಮ ದೇವಿಯ ಗುಡಿಯಲ್ಲಿ ಪ್ರಸಾದ ಕೇಳುವ ಪದ್ಧತಿಯಿದೆ. ಮೂರ್ತಿಗೆ ಹಚ್ಚಿದ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. "ಆಪರೇಷನ್ನಿಗಿಂತ ಮೊದಲು ಮಗ ಬರ್ತಾನೋ ಇಲ್ವೋ, ಹೇಳು ತಾಯಿ" ಎಂದು ಪೂಜೆಯ ಗುನಗರು ಕೇಳಿದರು. ಎಸಳು ಬಲಕ್ಕೆ ಬಿತ್ತು.

"ಅದು ಹೆಂಗೆ ಸಾಧ್ಯ? ವಿಮಾನ ಬರೂದೇ ಮೂರೂವರೆಗೆ. ಇನ್ನೊಮ್ಮೆ ಕೇಳಿ" ಎಂದೆ.

ಗುನಗರು ನಕ್ಕರು. "ಅಕ್ಕೋರೇ, ತಾಯಿ ಹೇಳಿ ಆಯ್ತು. ಮತ್ತೆಂತಕ್ಕೆ ಕೇಳೂದು? ಆಕೆಗೂ ಪರೀಕ್ಷೆ ಇಡ್ತ್ರಾ?"

ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ದೇವಿಯನ್ನು ನಂಬಿದರೆ ಲೆಕ್ಕ ಸುಳ್ಳು, ಲೆಕ್ಕ ನಂಬಿದರೆ ದೇವಿ ಸುಳ್ಳು. ಆಯಿಗೆ ಬಲ ಪ್ರಸಾದವಾಯಿತೆಂದು ಹೇಳಿದೆ, ನನ್ನ ಲೆಕ್ಕ ಹೇಳಲಿಲ್ಲ. ಅವಳು ಎದ್ದು ಕೂತು ಸಹಿ ಹಾಕಿದಳು. ಹೆತ್ತವಳಿಗೆ ಮೋಸ ಮಾಡಿದೆನೆಂದು ನನಗೆ ಅಳು ಬಂತು.

ಶುಕ್ರವಾರ ಹತ್ತೂಕಾಲಿಗೆ ಸತೀಶ ವಾರ್ಡಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ! "ಅಕ್ಕಾ, ಟಿಕೆಟಲ್ಲೇ ಏಳು ಗಂಟೆ ಅಂತಿತ್ತಲ್ಲೇ" ಎಂದ. ಇಳಿಯುವ ಊರಿನ ಗಡಿಯಾರದ ಸಮಯವನ್ನೇ ಟಿಕೆಟ್ಟಿನಲ್ಲಿ ಹಾಕುತ್ತಾರಂತೆ. ಇಪ್ಪತ್ತೊಂಬತ್ತೂವರೆಯಿಂದ ಎಂಟೂವರೆ ಕಳೆದರೆ ಪ್ರಯಾಣ ಇಪ್ಪತ್ತೊಂದೇ ತಾಸು; ಕಳೆಯಬೇಕಾದದ್ದನ್ನು ನಾನು ಏಳು ಗಂಟೆಗೆ ಕೂಡಿಸಿದ್ದೆ. ಆಯಿ ಅವನ ಗಲ್ಲ ಸವರಿ ಒಳಗೆ ಹೋದಳು.

ಹೊರಬಂದ ಡಾಕ್ಟರು, "ಒಳಗೆ ಒಡೆಯೋಕೆ ಶುರುವಾಗಿತ್ತು. ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು" ಎಂದರು.

ಟಿಕೆಟ್ಟಿನಲ್ಲಿದ್ದದ್ದನ್ನೇ ದೇವಿ ಹೇಳಿದಳು, ಅದರಲ್ಲೇನು ಪವಾಡ ಎಂದು ತಮ್ಮ ಈಗಲೂ ಕಾಡುತ್ತಾನೆ. ಓದಿದ ನಾನು ಕಾಣದ್ದನ್ನು ಓದದ ಆಯಿ ಒಂದು ಎಸಳಿನಲ್ಲಿ ಕಂಡಳು, ಬದುಕಿದಳು. ದೇವಿ ತಾಯೀ, ಪವಾಡವೋ ಟಿಕೆಟ್ಟೋ ಎಂಬ ಗೊಂದಲ ಬೇಕಾದರೆ ಹೀಗೇ ಇರಲಿ. ಆಯಿ ಇದ್ದಾಳಲ್ಲ.