ಪದರು ಬಿಡಿಸುವವರು

ಬೆಳಗಾವಿಯ ಸುಲಭಾ ಮೇಡಂ ಮಂಡಿಗೆಯನ್ನೂ ಪದರು ಪದರಾಗಿ ಬಿಡಿಸಿ ನೋಡಿಯೇ ಬಾಯಿಗಿಡುವವರು. ಪ್ರಯೋಗಾಲಯದಲ್ಲಿ ಹರಳಿಗೆ ಅಂಟುಪಟ್ಟಿ ಹಚ್ಚಿ ಕೀಳುತ್ತಾರೆ, ಕಿತ್ತದ್ದಕ್ಕೆ ಮತ್ತೆ ಹಚ್ಚಿ ಕೀಳುತ್ತಾರೆ; ಕಣ್ಣಿಗೆ ಕಾಣದಷ್ಟು ತೆಳುವಾಗುವವರೆಗೂ ಫ್ಯಾನು ಹಾಕಗೊಡರು, ಯಾರನ್ನೂ ಸೀನಗೊಡರು. “ಮತ್ತ ಸಿಪ್ಪಿ ಸುಲ್ಯಾಕ ಕುಂತ್ರೇನ್ರೀ?” ಎಂದು ಖಾನಾಪುರದಿಂದ ಬರುವ ಸಹಾಯಕ ಬಾಳೇಶ ಕೆಣಕಿದರೆ, “ಉಸರ ಹಿಡ್ಕೊಂಡು ಕುಂದರ್ರಿ” ಎನ್ನುತ್ತಾರೆ. ಆ ತೆಳು ಪದರು ನೇರಳೆ ಬೆಳಕಿನಿಂದ ಹಿಡಿದು ಕಣ್ಣಿಗೆ ಕಾಣದ ಶಾಖದ ಬೆಳಕಿನವರೆಗೆ ಎಲ್ಲವನ್ನೂ ಗುರುತಿಸಬೇಕೆಂಬುದು ಅವರ ಹಟ. ವರ್ಷಗಳಿಂದ ಅದು ಕೆಂಪಿನಾಚೆ ಕುರುಡಾಗಿಯೇ ಉಳಿದಿತ್ತು. ಮೊನ್ನೆ ದೀಪವಾರಿಸಿದ ಕೋಣೆಯಲ್ಲಿ ಬಾಳೇಶ ತಂತಿ ಸರಿಪಡಿಸಲು ಪದರಿನ ಹತ್ತಿರ ಕೈ ಒಯ್ದಾಗ, ಅದಕ್ಕೆ ತಾಗಿದ ಬೆಳಕನ್ನು ತೋರಿಸುವ ಕಂಪ್ಯೂಟರ್ ಪರದೆಯ ಗೆರೆ ಮೇಲೆದ್ದಿತು. ಕೈ ತೆಗೆದಾಗ ಇಳಿಯಿತು. “ದೀಪ ಎಲ್ಲೈತ್ರೀ ಮೇಡಂ?” “ನಿಮ್ಮ ಕೈಯಾಗ ಐತಿ, ಬಾಳೇಶಣ್ಣ. ಎಲ್ಲಾರ ಮೈಯೂ ಹಿಂಗ ಬೆಳಗ್ತದ, ನಮಗ ಕಾಣಂಗಿಲ್ಲ.” ಬಾಳೇಶ ಇನ್ನೊಂದು ಕೈಯನ್ನೂ ಮೆಲ್ಲಗೆ ಅದರ ಮುಂದೆ ಹಿಡಿದ.